ಕುಚ್ಚಲಕ್ಕಿ, ಬೆಳ್ತಿಗೆ ಮತ್ತು ಒಂದು ಸ್ಟಿಯರಿಂಗ್

ಕಣ್ಣು ಮುಚ್ಚಿಕೊಂಡು ಕಾರು ಓಡಿಸುತ್ತಾ, ಚಕ್ರದ ಕೆಳಗೆ ಇರುವುದು ಡಾಂಬರೋ ಜಲ್ಲಿಯೋ ಮರಳೋ ಎಂದು ಹೇಳಲು ನಿಮ್ಮಿಂದ ಆಗುತ್ತದೆಯೇ? ಬೇಡ, ಈಗಲೇ ಹೋಗಿ ಪರೀಕ್ಷೆ ಮಾಡಬೇಡಿ. ನಾಳೆ ನಿಮ್ಮ ಮನೆಯವರು ನನ್ನನ್ನು ಹುಡುಕಿಕೊಂಡು ಬಂದರೆ ಈ ಮಂಡಿ ಇಟ್ಟುಕೊಂಡು ನಾನು ಓಡಲಾರೆ.

ನನ್ನ ಮೊಮ್ಮಗಳ ಕಾರಿನ ಸ್ಟಿಯರಿಂಗ್ ಕಿರುಬೆರಳಿನಲ್ಲಿ ತಿರುಗುತ್ತದೆ. ಅವಳು ಅದನ್ನು ನನಗೆ ತೋರಿಸಿ ತೋರಿಸಿ ತಿರುಗಿಸುತ್ತಾಳೆ. ನಾನು ಹೊಗಳುತ್ತೇನೆ, ಆದರೆ ಕಾಲು ಮಾತ್ರ ಇಲ್ಲದ ಬ್ರೇಕನ್ನು ಹುಡುಕುತ್ತಿರುತ್ತದೆ. ಹಗುರವಾಗಿ ತಿರುಗುವ ಸ್ಟಿಯರಿಂಗ್ ಕಂಡರೆ ನನಗೆ ಇವತ್ತಿಗೂ ಹೆದರಿಕೆ. ಯಾಕೆ ಎಂದು ಅವಳು ಕೇಳಿದಳು. ಬಾಯಲ್ಲಿ ಹೇಳಿದರೆ ಅರ್ಧದಲ್ಲಿ ಎದ್ದು ಹೋಗುತ್ತಾಳೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಚೆಗೆ ಕಲಿತಿದ್ದೇನೆ, ಹಾಗಾಗಿ ಬರೆದೇಬಿಡುತ್ತೇನೆ.

ನಾನು ಕಾರು ಬಿಡಲು ಕಲಿತದ್ದು ಎಪ್ಪತ್ತರ ದಶಕದಲ್ಲಿ, ಮಣಿಪಾಲದ ಬೋಳುಗುಡ್ಡೆಯ ಮೇಲೆ. ಆಗ ಅಲ್ಲಿ ಕಟ್ಟಡಗಳಿಗಿಂತ ಮುಳಿಹುಲ್ಲು ಹೆಚ್ಚು. ಕಲಿಸಿದವರು ನನ್ನ ಗಂಡ. ಅವರಿಗೆ ಉಡುಪಿಯಲ್ಲಿ ಪಂಪ್‌ಸೆಟ್ಟಿನ ಏಜೆನ್ಸಿ ಇತ್ತು. ಗದ್ದೆಗೆ ನೀರು ಹಾಯಿಸುವ ಪಂಪು ಮಾರುವುದು, ಕೆಟ್ಟರೆ ಹೋಗಿ ರಿಪೇರಿ ಮಾಡುವುದು. ಇವತ್ತು ಕಾಪು, ನಾಳೆ ಕಾರ್ಕಳ, ದಿನವೂ ತಿರುಗಾಟ. ನಮ್ಮದೊಂದು ಹಳೆಯ ಕಾರು, ಅದರ ಸ್ಟಿಯರಿಂಗ್ ಕಡೆಯುವ ಕಲ್ಲಿನಷ್ಟು ಭಾರ. ಅದನ್ನು ತಿರುಗಿಸಿ ನನ್ನ ರವಿಕೆಯ ತೋಳು ಎಷ್ಟು ಸಲ ಹರಿದಿದೆಯೋ.

ಆದರೆ ಅದು ಮಾತಾಡುವ ಸ್ಟಿಯರಿಂಗ್. ಟಯರಿನ ಕೆಳಗೆ ಒಂದು ಗೋಲಿಯಷ್ಟು ಕಲ್ಲು ಬಂದರೂ ಅಂಗೈಗೆ ಸುದ್ದಿ ಮುಟ್ಟುತ್ತಿತ್ತು. ನನ್ನ ಗಂಡ ಕಲಿಸುವಾಗ ಒಂದೇ ಮಾತನ್ನು ಹೇಳುತ್ತಿದ್ದರು.

"ಬಲಗೈಯಲ್ಲಿ ಕೇಳು. ಎಡಗೈಗೆ ಗೇರಿನ ಕೆಲಸ ಉಂಟು. ರಸ್ತೆ ಎಂತ ಹೇಳ್ತದೆ ಅಂತ ಬಲಗೈಗೇ ಗೊತ್ತಾಗುದು."

ಅವರು ಹಾಗೆಯೇ ಓಡಿಸುತ್ತಿದ್ದರು. ಭಾನುವಾರ ಸ್ನೇಹಿತರೆಲ್ಲ ಸೇರಿ ಮಣಿಪಾಲದಿಂದ ಕಾರ್ಕಳದ ಕಡೆಗೆ ಮಣ್ಣಿನ ರಸ್ತೆಗಳಲ್ಲಿ ಪಂದ್ಯ ಕಟ್ಟಿ ಹೋಗುತ್ತಿದ್ದರು. ಈ ಮನುಷ್ಯ ತಿರುವಿನಲ್ಲಿ ಕಾರು ಜಾರುವ ಮೊದಲೇ ಜಾರುತ್ತದೆ ಎಂದು ಹೇಳುತ್ತಿದ್ದರು, ಅದನ್ನು ಹಿಡಿದು ನಿಲ್ಲಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕಡ್ಲೆ ತಿನ್ನುತ್ತಿದ್ದೆ. ಅಷ್ಟು ನಂಬಿಕೆ.

ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಆ ಬಲಗೈ ಹೋಯಿತು. ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಮುಂದಿನ ಬಂಪರಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸಿದರು. ಇಂಜಿನ್ ಒಮ್ಮೆ ಕೆಮ್ಮಿ ಹಿಂದಕ್ಕೆ ಒದೆಯಿತು. ಹ್ಯಾಂಡಲಿನ ಜೊತೆ ಮಣಿಕಟ್ಟೂ ತಿರುಗಿತು. ಕೈ ಹಿಡಿದುಕೊಂಡು ಅಂಗಳದ ನೀರಿನಲ್ಲಿ ಕೂತವರು, "ಎಂತದೂ ಆಗ್ಲಿಲ್ಲ, ಸ್ವಲ್ಪ ಕಾಫಿ ಕೊಡು" ಎಂದರು. ಮಣಿಪಾಲದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ಕೈಯ ಹಾಗೆ ಕಾಣುತ್ತಲೇ ಇರಲಿಲ್ಲ.

ಎಲುಬು ಕೂಡಿತು. ಪ್ಲಾಸ್ಟರ್ ಬಿಚ್ಚಿದರು. ಆದರೆ ನಮ್ಮ ಕಾರಿನ ಸ್ಟಿಯರಿಂಗ್ ತಿರುಗಿಸುವ ಬಲ ಆ ಕೈಗೆ ಬರಲಿಲ್ಲ. ಪಂಪಿನ ಸಾಮಾನನ್ನು ಗೋಣಿಯಲ್ಲಿ ಕಟ್ಟಿ ಕಾರ್ಕಳದ ಬಸ್ಸಿನಲ್ಲಿ ಇಟ್ಟುಕೊಂಡು ಹೋಗತೊಡಗಿದರು. ಕಂಡಕ್ಟರನ ಬೈಗಳು ಕೇಳಿ ಮನೆಗೆ ಬಂದು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಅವರು ಮಾತಾಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಆಗ ಬಂತು ಆ ಕಾರು. ನನ್ನ ತಮ್ಮ ಗಲ್ಫಿನಲ್ಲಿದ್ದ. ಊರಿಗೆ ಬರುವಾಗ ಎರಡು ಬಾಗಿಲಿನ, ನೆಲಕ್ಕೆ ಅಂಟಿದ ಹಾಗೆ ತಗ್ಗಿನ, ಮೂತಿ ಉದ್ದದ ಒಂದು ಸ್ಪೋರ್ಟ್ಸ್ ಕಾರನ್ನು ಹಡಗಿನಲ್ಲಿ ಹಾಕಿಸಿ ತಂದಿದ್ದ. ರಜೆ ಮುಗಿದು ಅವನು ವಾಪಸು ಹೊರಟಾಗ, ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ಕಟ್ಟಳೆ ಇದ್ದುದರಿಂದ, ಅದು ನಮ್ಮ ಅಂಗಳಕ್ಕೆ ಬಂತು.

"ಭಾವ, ಇದಕ್ಕೆ ಪವರ್ ಸ್ಟಿಯರಿಂಗ್ ಉಂಟು. ಒಂದು ಬೆರಳು ಸಾಕು," ಎಂದ ತಮ್ಮ. "ಅಕ್ಕ, ನೀನು ಮಾತ್ರ ಇದರಲ್ಲಿ ಒಣಮೀನು ತರಬೇಡ."

ನಾನು ಎರಡನೆಯ ದಿನವೇ ಉಚ್ಚಿಲದಿಂದ ಒಣಮೀನು ತಂದೆ. ತಮ್ಮಂದಿರು ಹೇಳಿದ್ದನ್ನೆಲ್ಲ ಕೇಳಿದರೆ ಅಕ್ಕನಾಗಿ ಹುಟ್ಟಿ ಏನು ಪ್ರಯೋಜನ.

ಗಲ್ಫಿನ ಕಾರು ಎಂದರೆ ಸ್ಟಿಯರಿಂಗ್ ಎಡಗಡೆ, ಗೇರು ಬಲಗೈಗೆ. ಡ್ರೈವರ್ ಎಡಕ್ಕೆ, ನಾನು ಬಲಕ್ಕೆ, ರಸ್ತೆಯ ನಡುವಿನ ಕಡೆಗೆ. ಮುಂದಿನ ಬಸ್ಸನ್ನು ದಾಟಬೇಕಾದರೆ ಎದುರು ಏನು ಬರುತ್ತಿದೆ ಎಂದು ಕಾಣುವುದು ನನಗೆ ಮಾತ್ರ. ಉದ್ಯಾವರ, ಕಟಪಾಡಿ, ಕಾಪು ಅಂತ ಹೈವೇಯಲ್ಲಿ ಹೋಗುವಾಗ ನಾನು ಕಿಟಕಿಯಿಂದ ಮೂಗು ಹೊರಗೆ ಹಾಕಿ "ಹೋಗಿ", "ಬೇಡ", "ಲಾರಿ ಉಂಟು" ಎನ್ನುತ್ತಿರಬೇಕು. ಹಾಗಾಗಿ ಅವರು ಎಲ್ಲಿಗೆ ಹೋದರೂ ನಾನೂ ಹೋಗಬೇಕಾಯಿತು. ನನ್ನ ಅತ್ತೆ, ಅಂದರೆ ಅವರ ತಾಯಿ, ನಮ್ಮ ಜೊತೆಗೇ ಇದ್ದವರು, ಇದನ್ನು ನೋಡಿ ಬೀಡಾ ಅಗಿಯುತ್ತಾ ಹೇಳಿದರು, "ಮೊದಲು ಪಂಪು ಮಾರ್ಲಿಕ್ಕೆ ಒಬ್ಬ ಹೋಗ್ತಿದ್ದ. ಈಗ ಜೋಡಿ ಹೋಗುದು, ಮದುವೆಯ ದಿಬ್ಬಣದ ಹಾಗೆ."

ನಗುತ್ತಾ ಹೊರಟವಳಿಗೆ ನಗು ಹೋದದ್ದು ಕಾರ್ಕಳದ ದಾರಿಯಲ್ಲಿ. ಹಿರಿಯಡ್ಕ ದಾಟಿದ ಮೇಲೆ ಒಂದು ಎಡ ತಿರುವು. ಅಂಚಿನಲ್ಲಿ ಸಡಿಲ ಜಲ್ಲಿ. ಹಿಂದಿನ ದಿನಗಳಲ್ಲಾದರೆ ಅವರು ಮಾತಾಡುತ್ತಾ ದಾಟುವ ತಿರುವು. ಆ ದಿನ ಮುಂದಿನ ಚಕ್ರ ಜಲ್ಲಿಗೆ ಇಳಿದು ಕಾರು ಹೊರಗೆ ಹೊರಗೆ ಹೋಗುತ್ತಲೇ ಇತ್ತು. ಅವರು ಏನೂ ಆಗದವರ ಹಾಗೆ ಸ್ಟಿಯರಿಂಗ್ ಹಿಡಿದುಕೊಂಡಿದ್ದರು. ನಾನು ಕೂಗಿದ ಮೇಲೆ ತಿರುಗಿಸಿದರು. ಕಾರು ಗದ್ದೆಯ ಬದುವಿಗೆ ಮೂತಿ ಒರಗಿಸಿ ನಿಂತಿತು. ಶಾಲೆಗೆ ಹೋಗುವ ಮಕ್ಕಳು ಸುತ್ತ ನಿಂತು ನೋಡಿದರು. ನಮ್ಮ ಇಬ್ಬರು ಮಕ್ಕಳೂ ಆ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದಿದ್ದರೆ ಎಂಬ ಯೋಚನೆ ಬಂದು ನಾನು ಹಿಂದಕ್ಕೆ ತಿರುಗಿ ಖಾಲಿ ಸೀಟನ್ನು ಮುಟ್ಟಿ ನೋಡಿದೆ.

"ಇದರ ಸ್ಟಿಯರಿಂಗ್‌ನಲ್ಲಿ ಜೀವವೇ ಇಲ್ಲ ಮಾರಾಯ್ತಿ," ಎಂದರು ಅವರು. "ಮಜ್ಜಿಗೆಯಲ್ಲಿ ಸೌಟು ತಿರುಗಿಸಿದ ಹಾಗೆ. ಚಕ್ರ ಎಲ್ಲಿ ಉಂಟು ಅಂತಲೇ ಗೊತ್ತಾಗುದಿಲ್ಲ. ಇದನ್ನು ಸರಿ ಮಾಡ್ಬೇಕು."

ಅವರು ಪಂಪಿನವರಲ್ಲವೇ, ಒಂದು ಭಾನುವಾರ ಬಾನೆಟ್ ತೆಗೆದು ಒಳಗಿನದನ್ನೆಲ್ಲ ನನಗೆ ತೋರಿಸಿದರು. ಇಂಜಿನಿನ ಬೆಲ್ಟಿನಿಂದ ತಿರುಗುವ ಒಂದು ಸಣ್ಣ ಪಂಪು, ಅದು ಎಣ್ಣೆಯನ್ನು ಒತ್ತಡದಲ್ಲಿ ಸ್ಟಿಯರಿಂಗಿನ ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆಯೊಳಗೆ ಪೆನ್ಸಿಲಿಗಿಂತ ಸಪುರದ ಒಂದು ಉಕ್ಕಿನ ಕಂಬಿ. ನಾವು ಸ್ಟಿಯರಿಂಗ್ ತಿರುಗಿಸಿದಾಗ ಆ ಕಂಬಿ ಒಂದಿಷ್ಟು ತಿರುಚಿಕೊಳ್ಳುತ್ತದೆ, ತಿರುಚಿದಷ್ಟು ಎಣ್ಣೆಯ ಬಾಗಿಲು ತೆರೆಯುತ್ತದೆ, ಎಣ್ಣೆ ಚಕ್ರವನ್ನು ನೂಕುತ್ತದೆ. ಕಂಬಿ ಸಪುರವಾದಷ್ಟೂ ಸ್ಟಿಯರಿಂಗ್ ಹಗುರ, ಹಗುರವಾದಷ್ಟೂ ರಸ್ತೆಯ ಸುದ್ದಿ ಕೈಗೆ ಬರುವುದು ಕಡಿಮೆ.

"ಕಂಬಿ ದಪ್ಪ ಮಾಡಿದ್ರೆ ಆಯ್ತಲ್ಲ," ಎಂದವರು ಉದ್ಯಾವರದಲ್ಲಿ ಲೇತ್ ಇಟ್ಟಿದ್ದ ಅವರ ಸ್ನೇಹಿತ. ದೊಡ್ಡ ಗಂಟಲಿನ ಮನುಷ್ಯ, ದೋಣಿಯ ಇಂಜಿನಿನಿಂದ ಹಿಡಿದು ಹೊಲಿಗೆ ಮಿಶಿನಿನ ತನಕ ಯಾವುದನ್ನೂ ಬೇಡ ಎಂದವರಲ್ಲ. "ಇದೆಲ್ಲ ಎಂತ ದೊಡ್ಡ ವಿಷಯ ಅತ್ತಿಗೆ. ಬುಧವಾರ ಬನ್ನಿ, ಗಾಡಿ ತಕ್ಕೊಂಡು ಹೋಗಿ."

ಬುಧವಾರ ಎಂದದ್ದು ಮೂರನೆಯ ಬುಧವಾರವಾಯಿತು. ಕಾರು ತಂದೆವು. ಉದ್ಯಾವರದಿಂದ ನೇರ ಹೈವೇಯಲ್ಲಿ ಏನೂ ಗೊತ್ತಾಗಲಿಲ್ಲ, ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬರುವಾಗ ಎದುರು ಒಂದು ಬಸ್ಸು ಅಡ್ಡ ನಿಂತಿತ್ತು. ಕಾರು ನಿಲ್ಲಿಸಿ ಪಕ್ಕಕ್ಕೆ ತಿರುಗಿಸಬೇಕು, ಸ್ಟಿಯರಿಂಗ್ ತಿರುಗಲೇ ಇಲ್ಲ. ಕಂಬಿ ಎಷ್ಟು ದಪ್ಪವಾಗಿತ್ತೆಂದರೆ ಅದು ತಿರುಚಿಕೊಳ್ಳುವುದೇ ಇಲ್ಲ, ಎಣ್ಣೆಯ ಬಾಗಿಲು ತೆರೆಯುವುದೇ ಇಲ್ಲ. ನಮ್ಮ ಹಳೆಯ ಕಡೆಯುವ ಕಲ್ಲೇ ಇದಕ್ಕಿಂತ ಹಗುರ. ಹಿಂದೆ ಮುಂದೆ ಹಾರ್ನು. ಅವರು ಎರಡು ಕೈಯಲ್ಲಿ ಹಿಡಿದು ಎಳೆದರು, ಬಲಗೈ ಜಾರಿ ಕೆಳಗೆ ಬಿತ್ತು. ಜಾರಿದ್ದು ಅವರಿಗೆ ಗೊತ್ತಾಗಲಿಲ್ಲ. ಖಾಲಿ ಕೈಯನ್ನು ಸ್ಟಿಯರಿಂಗ್ ಹಿಡಿದ ಹಾಗೆಯೇ ಮುಷ್ಟಿ ಕಟ್ಟಿಕೊಂಡು, ಒಂದು ಕ್ಷಣ ಹಾಗೆಯೇ ಎಳೆಯುತ್ತಿದ್ದರು.

ನಾನು ಅದನ್ನು ನೋಡಿದೆ. ಏನು ನೋಡಿದೆ ಎಂದು ಆಗ ನನಗೆ ತಿಳಿಯಲಿಲ್ಲ. ಕೊನೆಗೆ ಬಸ್ಸಿನ ಐದಾರು ಮಂದಿ ಇಳಿದು ಬಂದು ಕಾರಿನ ಮೂತಿಯನ್ನೇ ಎತ್ತಿ ಪಕ್ಕಕ್ಕೆ ಇಟ್ಟರು. ಸ್ನೇಹಿತರ ಹತ್ತಿರ ಹೇಳಿದಾಗ, "ದಪ್ಪ ಬೇಕು ಅಂದ್ರಿ, ದಪ್ಪ ಮಾಡಿದೆ. ಈಗ ಸಪುರ ಮಾಡುವ, ಎಂತ ದೊಡ್ಡ ವಿಷಯ," ಎಂದು ಆ ಕಂಬಿಯನ್ನು ಮತ್ತೆ ಲೇತಿಗೆ ಕಟ್ಟಿದರು.

ಈ ಸಲ ಅದು ಬಹಳ ಚೆನ್ನಾಗಿ ಬಂದಿತ್ತು. ಎಷ್ಟು ಚೆನ್ನಾಗಿ ಎಂದು ನನಗೆ ಗೊತ್ತಾದದ್ದು ಕಾಪುವಿನಲ್ಲಿ. ನೀರು ಇಳಿದಾಗ ಕಾಪುವಿನ ಕಡಲ ದಂಡೆಯ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅಲ್ಲಿ ಕಾರು ಬಿಟ್ಟು ನೋಡುವ ಎಂದು ಒಂದು ಬೆಳಿಗ್ಗೆ ಹೋದೆವು. ಮೊದಲು ಅವರು ಬಿಟ್ಟರು. ದೀಪಸ್ತಂಭದ ಕಡೆಯಿಂದ ಒಂದು ದೊಡ್ಡ ಸುತ್ತು ಹಾಕಿ ಬಂದು ನಿಲ್ಲಿಸಿ, "ಇಲ್ಲ. ಎಂತದೂ ಗೊತ್ತಾಗುದಿಲ್ಲ. ಮೊದಲಿನ ಹಾಗೇ ಉಂಟು," ಎಂದರು.

"ನಾನೊಮ್ಮೆ ನೋಡ್ಲಾ?" ಎಂದೆ.

ನಾನು ಕೂತೆ. ಗಟ್ಟಿ ಮರಳಿನಲ್ಲಿ ಸ್ಟಿಯರಿಂಗ್ ನನ್ನ ಕೈಯಲ್ಲಿ ಮೆಲ್ಲ ಗುನುಗುತ್ತಿತ್ತು. ಸ್ವಲ್ಪ ಮೇಲಕ್ಕೆ, ಸಡಿಲ ಮರಳಿಗೆ ಚಕ್ರ ತಾಗಿದಾಗ ಆ ಗುನುಗು ನಿಂತು ಸ್ಟಿಯರಿಂಗ್ ಒಮ್ಮೆಗೆ ಮೆತ್ತಗಾಯಿತು. ಮತ್ತೆ ಗಟ್ಟಿ ನೆಲಕ್ಕೆ ಬಂದಾಗ ಬಿಗಿಯಾಯಿತು. ಚಿಪ್ಪುಗಳ ರಾಶಿಯ ಮೇಲೆ ಹೋದದ್ದು ಬೆರಳ ತುದಿಗೆ ಜುಮ್ಮೆಂದಿತು. ಎಲ್ಲವೂ ಗೊತ್ತಾಗುತ್ತಿತ್ತು. ಅಷ್ಟು ಸ್ಪಷ್ಟವಾಗಿ ಹೇಳುತ್ತಿತ್ತು ಆ ಕಾರು.

ನಾನು ಬ್ರೇಕು ಹಾಕಿ ಅವರ ಕಡೆ ನೋಡಿದೆ. ಅವರು ಸಮುದ್ರ ನೋಡುತ್ತಿದ್ದರು. "ನೋಡಿದ್ಯಾ, ಎಂತ ಇಲ್ಲ ಅಲ್ವಾ?" ಎಂದು ಕೇಳಿದರು.

"ಹ್ಞಾಂ, ಅಷ್ಟೇನೂ ಇಲ್ಲ," ಎಂದೆ.

ಮನೆಗೆ ಬಂದ ಮೇಲೆ ನಾನು ಅವರ ಕೈಯನ್ನೇ ನೋಡತೊಡಗಿದೆ. ಅಂಗಿಯ ಗುಂಡಿಯನ್ನು ಕಣ್ಣಿನಿಂದ ನೋಡಿಕೊಂಡು ಹಾಕುತ್ತಿದ್ದರು. ಒಲೆಯಿಂದ ಇಳಿಸಿದ ಕಾಫಿಯ ಲೋಟ, ನಾನು ಸೆರಗು ಹಿಡಿದು ತಂದದ್ದನ್ನು, ಅವರು ಬಲಗೈಯಲ್ಲಿ ಹಿಡಿದು ಪೇಪರ್ ಓದುತ್ತಾ ಕೂರುತ್ತಿದ್ದರು. ಕೇಳಿದರೆ, "ಪ್ಲಾಸ್ಟರ್ ತೆಗೆದ ಮೇಲೆ ಸ್ವಲ್ಪ ಜೋಮು ಇರ್ತದೆ, ಅದು ಇದ್ದದ್ದೇ," ಎನ್ನುತ್ತಿದ್ದರು. ಜೋಮು ಎಂಬ ಸಣ್ಣ ಮಾತಿನ ಹಿಂದೆ ಅವರು ಎಷ್ಟನ್ನು ಅಡಗಿಸಿಟ್ಟಿದ್ದಾರೆ ಎಂಬ ಹೆದರಿಕೆಯಲ್ಲಿ ನನಗೆ ಸಾರಿಗೆ ಉಪ್ಪು ಹಾಕಿದ್ದೇ ನೆನಪಿರುತ್ತಿರಲಿಲ್ಲ. ಎರಡೆರಡು ಸಲ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಊಟವಾದ ಮೇಲೆ ನಾನು ಮೊರದಲ್ಲಿ ಒಂದು ಹಿಡಿ ಕುಚ್ಚಲಕ್ಕಿ, ಒಂದು ಹಿಡಿ ಬೆಳ್ತಿಗೆ ಅಕ್ಕಿ ಬೇರೆ ಬೇರೆ ರಾಶಿ ಹಾಕಿ ತಂದೆ. ನಮ್ಮ ಕಡೆಯ ಮನೆಗಳಲ್ಲಿ ಇವೆರಡೂ ಇರುತ್ತವೆ, ಭತ್ತ ಬೇಯಿಸಿ ಮಾಡಿದ ಕುಚ್ಚಲು ದಿನದ ಊಟಕ್ಕೆ, ಬೇಯಿಸದ ಬಿಳಿ ಬೆಳ್ತಿಗೆ ದೋಸೆಗೆ. ಕುಚ್ಚಲಿನ ಕಾಳು ದಪ್ಪ, ನುಣುಪು, ಬೆಳ್ತಿಗೆಯದು ಸಪುರ, ಮುಟ್ಟಿದರೆ ಹಿಟ್ಟು ಹಿಟ್ಟು. ಡಬ್ಬಿ ಅದಲು ಬದಲಾದರೂ ಅಡುಗೆಮನೆಯ ಕತ್ತಲಲ್ಲಿ ಕೈ ಹಾಕಿದರೆ ಯಾವುದೆಂದು ಮಕ್ಕಳಿಗೂ ಗೊತ್ತಾಗುತ್ತದೆ.

"ಇವತ್ತು ನಿಮಗೆ ಒಂದು ಪರೀಕ್ಷೆ," ಎಂದು ಅವರು ಮುಖ ಒರೆಸಿದ ಬೈರಾಸನ್ನು ಅವರ ಕಣ್ಣಿಗೇ ಕಟ್ಟಿದೆ.

ಅತ್ತೆ ಬಾಗಿಲಲ್ಲಿ ನಿಂತು, "ಇದೆಂತದು, ಈ ಪ್ರಾಯದಲ್ಲಿ ಕಣ್ಣಾಮುಚ್ಚಾಲೆಯಾ?" ಎಂದರು.

"ನೀವೂ ಬನ್ನಿ ಅತ್ತೆ, ಸಾಕ್ಷಿಗೆ ಜನ ಬೇಕು."

ನನ್ನ ಗಂಡ ನಗುತ್ತಾ ಎಡಗೈ ಚಾಚಿದರು. ಕಾಳುಗಳನ್ನು ಬೆರಳಲ್ಲಿ ಉಜ್ಜಿ, "ಕುಚ್ಚಲು," ಎಂದರು. ಮತ್ತೊಂದನ್ನು, "ಬೆಳ್ತಿಗೆ." ಸರಿಯಾಗಿತ್ತು.

"ಈಗ ಬಲಗೈ."

ಬಲಗೈಗೆ ಬೆಳ್ತಿಗೆ ಕೊಟ್ಟೆ. ಅವರು ಉಜ್ಜಿದರು, ಮತ್ತೆ ಉಜ್ಜಿದರು. "ಕುಚ್ಚಲು," ಎಂದರು. ಕುಚ್ಚಲು ಕೊಟ್ಟೆ. "ಇದೂ ಕುಚ್ಚಲು. ಅಲ್ಲ, ಬೆಳ್ತಿಗೆಯಾ?" ಅತ್ತೆಯ ಬಾಯಿಯಲ್ಲಿ ಬೀಡಾ ನಿಂತಿತು. ಮೂರನೆಯ ಸಲ ನಾನು ಅವರ ಕೈಗೆ ಏನನ್ನೂ ಹಾಕಲಿಲ್ಲ. ಅವರು ಹೆಬ್ಬೆರಳಿನಿಂದ ಖಾಲಿ ಬೆರಳುಗಳನ್ನು ಉಜ್ಜಿ ಉಜ್ಜಿ, ಸೋತ ದನಿಯಲ್ಲಿ, "ಬೆಳ್ತಿಗೆ," ಎಂದರು.

ಅತ್ತೆ ಬೈರಾಸು ಬಿಚ್ಚಿದರು. ನನ್ನ ಗಂಡ ತಮ್ಮ ಖಾಲಿ ಬೆರಳುಗಳನ್ನು ನೋಡಿದರು. ನಂತರ ಮೊರವನ್ನು ನೂಕಿ ಎದ್ದು ಹೋದರು. ಅಕ್ಕಿ ಎಲ್ಲಾ ಚೆಲ್ಲಿ ಬೆರೆತುಹೋಯಿತು. ನಾನು ಮತ್ತು ಅತ್ತೆ ಕೂತು ಒಂದೊಂದೇ ಕಾಳು ಬೇರೆ ಮಾಡಿದೆವು, ಬೇರೆ ಮಾಡುವ ಅಗತ್ಯವೇ ಇರಲಿಲ್ಲ. "ನೀನು ಕೇಳಿದ್ದು ಒಳ್ಳೇದಾಯ್ತು ಮಗಾ," ಎಂದರು ಅತ್ತೆ. "ಆದರೆ ಇವತ್ತು ಅವನಿಗೆ ಚಾ ನಾನು ಕೊಡ್ತೇನೆ."

ಎಡಗೈಯಲ್ಲಿ ಬಾಳುವುದು ಬೇರೆಯವರಿಗಾದರೆ ಆಗಬಹುದು. ಇವರಿಗೆ ಕೈ ಎಂದರೆ ಕೆಲಸ. ಪಂಪಿನ ಒಳಗೆ ಕೈ ಹಾಕಿ ಎಲ್ಲಿ ಸವೆದಿದೆ ಎಂದು ಹೇಳುವವರು. ಆ ಕೈಯನ್ನು ನಂಬಿ ನಾನೂ ಮಕ್ಕಳೂ ಕಾರಿನಲ್ಲಿ ನಿದ್ದೆ ಮಾಡಿಕೊಂಡು ಬಂದವರು. ಅದು ವಾಪಸು ಬರುತ್ತದೆಯೋ ಇಲ್ಲವೋ, ಬಾರದಿದ್ದರೆ ಈ ಮನುಷ್ಯ ಇನ್ನು ಕಾರು ಬಿಡಬಹುದೋ ಬಾರದೋ, ಈ ಒಂದು ಪ್ರಶ್ನೆ ಆ ಮೇಲೆ ನನ್ನ ಜೊತೆಯಲ್ಲೇ ಎದ್ದು ನನ್ನ ಜೊತೆಯಲ್ಲೇ ಮಲಗುತ್ತಿತ್ತು.

ಮಣಿಪಾಲದಲ್ಲಿ ಡಾಕ್ಟರು ಸೂಜಿಯಿಂದ ಚುಚ್ಚಿ ನೋಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರ ತುದಿಯಲ್ಲೂ ಏನಿಲ್ಲ. ಮಣಿಕಟ್ಟಿನಲ್ಲಿ ನರಕ್ಕೆ ಪೆಟ್ಟಾಗಿದೆ ಎಂದರು. ನರ ಬೆಳೆಯುತ್ತದೆ, ಆದರೆ ಬಹಳ ನಿಧಾನ. ಬರಬಹುದು, ಪೂರ್ತಿ ಬಾರದೆಯೂ ಇರಬಹುದು. ಕಾಯಬೇಕು.

"ಎಷ್ಟು ಕಾಯ್ಬೇಕು ಡಾಕ್ಟ್ರೇ?" ಎಂದು ನಾನು ಕೇಳಿದೆ.

"ನೀವು ಕೇಳುದು ನಿಲ್ಲಿಸುವವರೆಗೆ," ಎಂದು ನಕ್ಕರು. ಒಳ್ಳೆಯವರು. ನನಗೆ ಮಾತ್ರ ನಗು ಬರಲಿಲ್ಲ.

ಕೆಲವು ದಿನ ಅವರು ಕಾರಿನ ಕಡೆ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾನೆಟ್ ಎತ್ತಿದ ಸದ್ದು ಕೇಳಿತು. ನಾನು ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿದೆ.

"ಎಂತ ಮಾಡ್ತೀರಿ?"

"ಬೆರಳಿಗೆ ಕೇಳುದಿಲ್ಲ," ಎಂದರು. ಆ ಅಕ್ಕಿಯ ಮಧ್ಯಾಹ್ನದ ನಂತರ ಅದರ ಬಗ್ಗೆ ಆಡಿದ ಮೊದಲ ಮಾತು. "ಮೊಣಕೈಗೆ ಕೇಳ್ತದೆ. ಭುಜಕ್ಕೆ ಕೇಳ್ತದೆ. ಎಡಗೈ ಪೂರ್ತಿ ಸರಿ ಉಂಟು, ಅದಕ್ಕೆ ಅಭ್ಯಾಸ ಇಲ್ಲ ಅಷ್ಟೆ. ಇಷ್ಟು ವರ್ಷ ಗೇರು ಹಾಕ್ತಾ ಇದ್ದ ಕೈ. ಕಾರು ಸ್ವಲ್ಪ ಗಟ್ಟಿ ಮಾತಾಡಿದ್ರೆ ಅದು ಕಲಿತೀತು."

"ಕಲೀದಿದ್ರೆ?"

ಅವರು ಬಾನೆಟ್ಟಿನೊಳಗೆ ತಲೆ ಹಾಕಿದರು.

ಉದ್ಯಾವರದ ಸ್ನೇಹಿತರು ಮತ್ತೆ ಬಂದರು. ಕಂಬಿ ಮುಟ್ಟುವುದು ಬೇಡ, ಅದು ಸರಿ ಇದೆ ಎಂದು ನಾನು ಹಟ ಹಿಡಿದೆ. ಕಾಪುವಿನ ಮರಳಿನಲ್ಲಿ ಅದು ನನ್ನ ಕೈಗೆ ಹೇಳಿದ್ದು ನನಗೆ ಗೊತ್ತಿತ್ತಲ್ಲ. ಸ್ಟಿಯರಿಂಗಿನ ಪೆಟ್ಟಿಗೆಯನ್ನು ಹಿಡಿದಿದ್ದ ರಬ್ಬರಿನ ಬುಷ್‌ಗಳು ನಡುಕವನ್ನೆಲ್ಲ ನುಂಗುತ್ತವೆ ಎಂದು ಅವುಗಳನ್ನು ತೆಗೆದು, ಮಲ್ಪೆಯಿಂದ ದೋಣಿಯ ಕೆಲಸಕ್ಕೆ ತರುವ ಗಟ್ಟಿ ನೈಲಾನಿನ ಉರುಳೆಯಿಂದ ಹೊಸ ಬುಷ್ ಕಡೆದು ಹಾಕಿದರು. ಪಂಪಿನಿಂದ ಹೋಗುವ ಎಣ್ಣೆಯ ದಾರಿಯನ್ನು ನನ್ನ ಗಂಡ ತಾವೇ ಸ್ವಲ್ಪ ಕಿರಿದು ಮಾಡಿದರು, ಕೈಗೆ ಇನ್ನೊಂಚೂರು ಭಾರ ಬರಲಿ ಎಂದು. ಒಮ್ಮೆ ಹೆಚ್ಚಾಯಿತು, ಒಮ್ಮೆ ಕಡಿಮೆಯಾಯಿತು. ಪ್ರತಿ ಸಲವೂ ನಾನು ಕೂತು ತಿರುಗಿಸಿ ನೋಡಬೇಕು. ನಮ್ಮ ಮನೆಯಲ್ಲಿ ಸಾರಿನ ಉಪ್ಪು ನೋಡುವವಳೂ ನಾನೇ, ಸ್ಟಿಯರಿಂಗಿನ ಭಾರ ನೋಡುವವಳೂ ನಾನೇ.

ಭಾರ ಹೆಚ್ಚಾದರೆ ಅವರ ಮಣಿಕಟ್ಟು ಸೋಲುತ್ತದೆ, ಕಡಿಮೆಯಾದರೆ ರಸ್ತೆ ಮೌನವಾಗುತ್ತದೆ. ಎರಡರಲ್ಲೂ ಗದ್ದೆಗೇ ಬೀಳುವುದು. ಒಂದು ದಿನ ಸ್ಟಿಯರಿಂಗ್ ತಿರುಗಿಸುತ್ತಾ ನನಗೆ ಅಳು ಬಂದುಬಿಟ್ಟಿತು. ಲೇತಿನ ಸ್ನೇಹಿತರು ನೋಡಿ, "ಅಷ್ಟು ಭಾರ ಉಂಟಾ ಅತ್ತಿಗೆ?" ಎಂದು ಗಾಬರಿಯಾದರು.

ನನ್ನ ಗಂಡ ಎಡಗೈಗೆ ಅಭ್ಯಾಸ ಮಾಡಿಸಿದರು. ಮಣಿಪಾಲದ ಗುಡ್ಡೆಯ ಮೇಲೆ, ನನಗೆ ಕಲಿಸಿದ ಅದೇ ಜಾಗದಲ್ಲಿ, ಒಂದು ಚಕ್ರ ಡಾಂಬರಿನ ಮೇಲೆ, ಒಂದು ಮಣ್ಣಿನ ಮೇಲೆ ಇಟ್ಟು ನಿಧಾನವಾಗಿ ಓಡಿಸುವುದು. "ಈಗ ಮಣ್ಣು," "ಈಗ ಕಲ್ಲು," ಎಂದು ಹೇಳುವುದು. ನಾನು ಕಿಟಕಿಯಿಂದ ಬಗ್ಗಿ ನೋಡಿ ಹೌದು ಅಲ್ಲ ಎನ್ನುವುದು. ಮೊದಲಿಗೆ ತಪ್ಪುಗಳೇ ಹೆಚ್ಚು. ದಿನ ಹೋದ ಹಾಗೆ ಕಡಿಮೆಯಾದವು. ಆದರೆ ಗುಡ್ಡೆಯ ಮೇಲೆ ಹೇಳುವುದು ಬೇರೆ, ವೇಗವಾಗಿ ಹೋಗುವಾಗ ಒದ್ದೆ ತಿರುವಿನಲ್ಲಿ ಹೇಳುವುದು ಬೇರೆ. ಅದು ಇಬ್ಬರಿಗೂ ಗೊತ್ತಿತ್ತು.

ಹಾಗಾಗಿ ಒಂದು ಕರಾರು ಮಾಡಿಕೊಂಡೆವು. ಕರಾರು ನನ್ನದು, ತಲೆ ಆಡಿಸಿದ್ದು ಅವರು.

"ಮಳೆ ಬಿದ್ದ ಮೇಲೆ ಕಾರ್ಕಳಕ್ಕೆ ಒಮ್ಮೆ ಹೋಗುವ. ನಾನು ಪಕ್ಕದಲ್ಲಿ ಕೂತು ಬಾಯಿ ಬಿಡುದಿಲ್ಲ. ಜಾರ್ತದೆ ಅಂತ ನಿಮಗೆ ನೀವೇ ಗೊತ್ತಾಗಿ ಹಿಡಿದ್ರೆ ಸರಿ. ಇಲ್ಲದಿದ್ರೆ ಇನ್ನು ಮುಂದೆ ಕಾರು ನಾನು ಬಿಡುದು. ಮಕ್ಕಳನ್ನು ಕೂರಿಸುವ ಮಾತೇ ಇಲ್ಲ."

"ಬಾಯಿ ಬಿಡದೆ ಕೂರ್ಲಿಕ್ಕೆ ನಿನ್ನಿಂದ ಆಗ್ತದಾ?"

"ಆಗ್ತದೆ."

"ಅದು ನೋಡ್ಲಿಕ್ಕಾದ್ರೂ ಹೋಗ್ಬೇಕು," ಎಂದರು.

ಮೇ ತಿಂಗಳ ಕೊನೆಗೆ ಒಂದು ಒಳ್ಳೆಯ ಮಳೆ ಬಂತು. ಮರುದಿನ ಬೆಳಿಗ್ಗೆ ಹೊರಟೆವು. ಪರ್ಕಳ ದಾಟಿತು. ಹಿರಿಯಡ್ಕ ದಾಟಿತು. ಕೆಂಪು ನೀರು ರಸ್ತೆಗೆ ಅಡ್ಡ ಹರಿದು ಹೋದ ಗುರುತು ಅಲ್ಲಲ್ಲಿ. ಬಸ್ಸು ಸಿಕ್ಕಿದಲ್ಲೂ ನಾನು ಬಾಯಿ ಬಿಡಲಿಲ್ಲ, ಅವರು ಬಸ್ಸಿನ ಹಿಂದೆಯೇ ಹೋದರು. ಬಾಯಿ ಮುಚ್ಚಿಕೊಂಡು ಕೂತರೆ ಹೊಟ್ಟೆಯಲ್ಲಿ ಎಷ್ಟು ಮಾತು ಸೇರುತ್ತದೆ ಎಂದು ಆ ದಿನ ನನಗೆ ತಿಳಿಯಿತು. ನನ್ನ ಲೆಕ್ಕದಲ್ಲಿ ಪ್ರತಿ ತಿರುವಿನಲ್ಲೂ ನಾವು ಸತ್ತಿದ್ದೆವು.

ಬಸ್ಸು ಒಂದು ನಿಲ್ದಾಣದಲ್ಲಿ ನಿಂತಿತು, ನಾವು ಮುಂದೆ ಹೋದೆವು. ಅವರು ವೇಗ ಹೆಚ್ಚಿಸಿದರು. ಬೇಕೆಂದೇ ಹೆಚ್ಚಿಸಿದರು, ಪರೀಕ್ಷೆ ಎಂದರೆ ಪರೀಕ್ಷೆ. ಮುಂದೆ ಇಳಿಜಾರು, ಇಳಿಜಾರಿನ ಕೊನೆಗೆ ಎಡ ತಿರುವು. ಗೇರು ಇಳಿಸಲು ಬಲಗೈಯನ್ನು ಸ್ಟಿಯರಿಂಗಿನಿಂದ ತೆಗೆದು ಗೇರಿನ ಹಿಡಿಗೆ ಇಟ್ಟರು. ಎಡಗೈ ಒಂದೇ ಸ್ಟಿಯರಿಂಗಿನ ಮೇಲೆ. ತಿರುವಿನ ನಡುವೆ ಡಾಂಬರಿನ ಮೇಲೆ ಮಳೆ ತಂದು ಹಾಕಿದ ಜಲ್ಲಿ ಮತ್ತು ಕೆಸರು, ಡಾಂಬರಿನ ಹಾಗೆಯೇ ಚಪ್ಪಟೆಯಾಗಿ ಹರಡಿಕೊಂಡಿತ್ತು. ನಾನು ಕಂಡೆ ಎನ್ನುವಷ್ಟರಲ್ಲಿ ಅದರ ಮೇಲಿದ್ದೆವು.

ಕಾರಿನ ಮೂತಿ ಹೊರಗೆ ಹೊರಟಿತು. ನಾನು ಕೂಗಲಿಲ್ಲ. ಕರಾರಿಗಾಗಿ ಅಲ್ಲ, ಕೂಗಲು ಉಸಿರೇ ಇರಲಿಲ್ಲ. ಅವರ ಎಡಗೈ ಒಂದು ಸ್ವಲ್ಪ ಸಡಿಲಿಸಿತು, ಮೂತಿ ಅರೆಕ್ಷಣ ನೇರವಾಯಿತು, ನಂತರ ಮತ್ತೆ ಎಡಕ್ಕೆ ಮೆಲ್ಲ ಸುತ್ತಿತು. ಚಕ್ರ ಗಟ್ಟಿ ನೆಲ ಹಿಡಿದದ್ದು ನನ್ನ ಸೀಟಿಗೂ ಗೊತ್ತಾಯಿತು. ತಿರುವು ಮುಗಿಯಿತು. ಎದುರು ಯಾರೋ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರು ರಸ್ತೆಯ ಬದಿಗೆ ನಿಂತು ನಮ್ಮನ್ನು ನೋಡಿದರು.

ಅವರು ಸ್ವಲ್ಪ ಮುಂದೆ ಹೋಗಿ ಕಾರು ನಿಲ್ಲಿಸಿದರು. ಇಂಜಿನ್ ಬಂದ್ ಮಾಡಿದರು. ಹೊರಗೆ ಗೇರುಮರದಿಂದ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಕೇಳಬೇಕಾದದ್ದು ಒಂದೇ. ಅದೃಷ್ಟದಿಂದ ತಪ್ಪಿತೋ, ಕಣ್ಣಿನಿಂದ ಕಂಡು ಹಿಡಿದರೋ, ಅಥವಾ ನಿಜವಾಗಿ ಕೈಗೆ ಬಂತೋ. ಎಷ್ಟೋ ತಿಂಗಳಿನಿಂದ ಹೊತ್ತ ಪ್ರಶ್ನೆ, ಬಾಯಿಗೆ ಬಂದಾಗ ಸಣ್ಣದಾಗಿ ಬಂತು.

"ಗೊತ್ತಾಯ್ತಾ ನಿಮಗೆ?"

ಅವರು ತಲೆ ಬಗ್ಗಿಸಿ ಗೇರಿನ ಕಡೆ ನೋಡಿದರು. ನಾನೂ ನೋಡಿದೆ. ಗೇರಿನ ಹಿಡಿಯ ಮೇಲೆ ಅವರ ಬಲಗೈ, ಅದರ ಮೇಲೆ ನನ್ನ ಎಡಗೈ. ಯಾವಾಗ ಹಿಡಿದೆನೋ ನನಗೆ ನೆನಪಿಲ್ಲ. ನನ್ನ ಉಗುರುಗಳು ಅವರ ತೋರುಬೆರಳಿನ ತುದಿಗೆ, ನಡುಬೆರಳಿನ ತುದಿಗೆ ನಾಟಿಕೊಂಡಿದ್ದವು.

"ರಸ್ತೆ ಜಾರಿದ್ದು ಎಡಗೈಗೆ ಗೊತ್ತಾಯ್ತು," ಎಂದರು ಅವರು. "ಬಲಗೈಗೆ ಗೊತ್ತಾದದ್ದು ನಿನ್ನ ಉಗುರು. ತೆಗಿ ಮಾರಾಯ್ತಿ, ಉರೀತದೆ."